ಹೊಕ್ಕುಳ ಕೆಳಗೆ ಮೂರು ಬೆರಳು

ಉಸಿರಾಡುವುದನ್ನು ಯಾರೂ ಯಾರಿಗೂ ಕಲಿಸಬೇಕಾಗಿಲ್ಲ ಎಂದು ಮೂವತ್ತೆರಡು ವರ್ಷದವರೆಗೆ ನಾನು ನಂಬಿಕೊಂಡಿದ್ದೆ. ಹುಟ್ಟಿದ ಕೂಸಿಗೆ ಸೂಲಗಿತ್ತಿ ಬೆನ್ನ ಮೇಲೆ ಒಂದು ಏಟು ಕೊಟ್ಟರೆ ಸಾಕು, ಅದು ಅಳುತ್ತ ಶುರು ಮಾಡಿಕೊಳ್ಳುತ್ತದೆ, ಆಮೇಲೆ ಅದರ ಪಾಡಿಗೆ ಅದು ನಡೆದುಕೊಂಡು ಹೋಗುತ್ತದೆ. ಉಣ್ಣುವುದನ್ನು ಕಲಿಸಬೇಕು, ಧೋತರ ಉಡುವುದನ್ನು ಕಲಿಸಬೇಕು, ಮೇಲಧಿಕಾರಿಯ ಎದುರು ಹೇಗೆ ನಿಲ್ಲಬೇಕೆಂಬುದನ್ನಂತೂ ಹೊಡೆದೇ ಕಲಿಸಬೇಕು. ಉಸಿರಿಗೆ ಮಾಸ್ತರ ಯಾಕೆ? ಹೀಗೆಂದುಕೊಂಡಿದ್ದ ನನಗೆ ಉಸಿರಾಟ ಕಲಿಸಲು ಚೀನಾ ದೇಶದವನೊಬ್ಬ ಮಸ್ಕಿಯವರೆಗೆ ಬರಬೇಕಾಯಿತು. ಕಲಿತದ್ದರಿಂದ ನನಗೇನಾಯಿತು, ನನಗಿಂತ ಹೆಚ್ಚಾಗಿ ಇನ್ನೊಬ್ಬರಿಗೆ ಏನಾಯಿತು ಎಂಬುದನ್ನು ಇದುವರೆಗೆ ಯಾರ ಮುಂದೆಯೂ ಪೂರ್ತಿ ಹೇಳಿಲ್ಲ. ನನ್ನ ಹೆಂಡತಿಗೂ ಅರ್ಧವೇ ಗೊತ್ತು. ನಿಮಗೆ ಹೇಳುತ್ತೇನೆ, ಏಕೆಂದರೆ ನೀವು ನಮ್ಮ ಮನೆಗೆ ಬಂದು ಅವಳ ಮುಂದೆ ಬಾಯಿ ಬಿಡುವ ಸಂಭವ ಕಡಿಮೆ.

ನಾನು ಲಿಂಗಸುಗೂರಿನಲ್ಲಿ ಒಂದು ಸರ್ಕಾರಿ ಕಚೇರಿಯ ಗುಮಾಸ್ತನಾಗಿದ್ದೆ. ಯಾವ ಕಚೇರಿ ಎಂದು ಕೇಳಬೇಡಿ, ಈಗಲೂ ಅದೇ ಇಲಾಖೆಯ ಅನ್ನ ಉಣ್ಣುತ್ತಿದ್ದೇನೆ. ನಿಜಾಮರ ಕಾಲದಲ್ಲಿ ನಮ್ಮಲ್ಲಿ ಎಲ್ಲವೂ ಉರ್ದುವಿನಲ್ಲೇ ನಡೆಯುತ್ತಿತ್ತು. ಮನೆಯಲ್ಲಿ ಕನ್ನಡ ಆಡಿ, ಸಾಲೆಯಲ್ಲಿ ಉರ್ದು ಕಲಿತು, ಕಚೇರಿಯಲ್ಲಿ ಉರ್ದು ಬರೆದು ದೊಡ್ಡವನಾದವನು ನಾನು. ಕನ್ನಡದಲ್ಲಿ ಜಗಳ ಮಾಡಬಲ್ಲೆ, ವಚನ ಹೇಳಬಲ್ಲೆ, ಎಮ್ಮೆಯನ್ನು ಬೈಯಬಲ್ಲೆ. ಬರೆಯಲು ಮಾತ್ರ ಬರುತ್ತಿರಲಿಲ್ಲ. ಇದು ನನ್ನೊಬ್ಬನ ಕೊರತೆ ಎಂದು ತಿಳಿಯಬೇಡಿ, ನಮ್ಮ ಕಡೆ ಇಂಥ ಅಕ್ಷರಸ್ಥ ನಿರಕ್ಷರಿಗಳು ಕಚೇರಿಗೆ ನಾಲ್ಕು ಜನರಂತೆ ಸಿಗುತ್ತಿದ್ದರು. ಆಮೇಲೆ ನಿಜಾಮರ ಸರ್ಕಾರ ಹೋಗಿ ಹೊಸ ಸರ್ಕಾರ ಬಂತು. ಪೇಟೆಯಲ್ಲಿ ನಿಂತು ನಾನೂ ಗಂಟಲು ಕಟ್ಟುವ ಹಾಗೆ ಜೈಕಾರ ಹಾಕಿದೆ. ನಾವು ಯಾವುದಕ್ಕೆ ಜೈ ಎನ್ನುತ್ತಿದ್ದೇವೋ ಅದು ನಮ್ಮ ಮೇಜಿನವರೆಗೂ ಬರುತ್ತದೆ ಎಂದು ಆ ಗದ್ದಲದಲ್ಲಿ ಹೊಳೆಯಲಿಲ್ಲ. ಕೆಲವು ವರ್ಷಗಳಲ್ಲಿ ಅದೂ ಬಂತು. ಇನ್ನು ಮುಂದೆ ರೈತರ ಅರ್ಜಿಗಳಿಗೆ ಜವಾಬು ಕನ್ನಡದಲ್ಲೇ ಹೋಗಬೇಕು, ಗುಮಾಸ್ತರು ಕನ್ನಡ ಬರೆಯುವ ಪರೀಕ್ಷೆ ಕೊಡಬೇಕು, ನಮ್ಮ ಮೇಜಿಗೆ ಇಬ್ಬರ ಬದಲು ಒಬ್ಬನೇ ಸಾಕು, ಇಬ್ಬರಲ್ಲಿ ಯಾರು ಚೆನ್ನಾಗಿ ಬರೆಯುತ್ತಾರೋ ಅವರು ಉಳಿಯಬೇಕು ಎಂದು ಹುಕುಂ ಆಯಿತು.

ಆ ಇಬ್ಬರಲ್ಲಿ ಒಬ್ಬ ನಾನು. ಇನ್ನೊಬ್ಬರು ಹುಸೇನ್ ಸಾಬರು. ನನಗಿಂತ ಇಪ್ಪತ್ತು ವರ್ಷ ಹಿರಿಯರು. ನಾನು ಕಚೇರಿಗೆ ಸೇರಿದಾಗ ಗೀಚುಬರಹದ ಉರ್ದುವನ್ನು ಓದಲು, ಬರೆಯಲು ಕೈ ಹಿಡಿದು ಕಲಿಸಿದವರು ಅವರೇ, ಆದ್ದರಿಂದ ನಾನು ಅವರನ್ನು ಉಸ್ತಾದ್ ಎಂದೇ ಕರೆಯುತ್ತಿದ್ದೆ. ನನ್ನ ಕೆಲಸ ಹೋದರೆ ಗುರುಗುಂಟಾದಲ್ಲಿ ಅಣ್ಣನ ಜೊತೆ ಹೊಲ ಇತ್ತು, ಎತ್ತು ಇದ್ದವು. ಬಿಸಿಲಲ್ಲಿ ಕುಂಟೆ ಹೊಡೆಯಬೇಕಾಗುತ್ತಿತ್ತು, ಅಷ್ಟೇ. ಹುಸೇನ್ ಸಾಬರಿಗೆ ಆ ಮೇಜು ಬಿಟ್ಟರೆ ಬೇರೇನೂ ಇರಲಿಲ್ಲ. ಅವರ ತಮ್ಮ, ಸರ್ಕಾರ ಬದಲಾದ ಆ ಗಡಿಬಿಡಿಯ ದಿನಗಳಲ್ಲಿ, ಸಿಂಧನೂರಿಗೆ ಹೋಗಿ ಬರುತ್ತೇನೆಂದು ಹೋದವನು ಬರಲೇ ಇಲ್ಲ. ತಮ್ಮನ ಹೆಂಡತಿ, ಮೂವರು ಹೆಣ್ಣುಮಕ್ಕಳು ಇವರ ಮನೆಯಲ್ಲೇ ಇದ್ದರು. ಅದರ ಬಗ್ಗೆ ಅವರು ಎಂದೂ ಮಾತೆತ್ತಲಿಲ್ಲ, ನಾನೂ ಕೇಳಲಿಲ್ಲ. ಮೊದಲು ಪೇಟೆಯ ನಡುವೆ ಎಲ್ಲರನ್ನೂ ಮಾತಾಡಿಸುತ್ತ ಕಚೇರಿಗೆ ಬರುತ್ತಿದ್ದವರು ಆಮೇಲೆ ಹಿಂದಿನ ಓಣಿಯಿಂದ ಬರತೊಡಗಿದರು.

ಹುಕುಂ ಬಂದ ದಿನದಿಂದ ನನಗೆ ಎದೆಯ ಮೇಲೆ ಜೋಳದ ಚೀಲ ಹೇರಿದಂತಾಯಿತು. ಉಸಿರು ಗಂಟಲಿನವರೆಗೆ ಬಂದು ವಾಪಸು ಹೋಗುತ್ತಿತ್ತು. ಅನ್ನ ಸೇರದು, ಯಾರಾದರೂ ಬಾಗಿಲು ಬಡಿದರೆ ಜೀವ ಹಾರುತ್ತಿತ್ತು. ಇದು ಸಾಲದೆಂಬಂತೆ ಬಲಗಡೆಯ ದವಡೆಯ ಹಲ್ಲು ನೋಯಲು ಹತ್ತಿತು. ಕಷ್ಟಗಳಿಗೆ ಒಂದು ಗುಣವಿದೆ, ದೊಡ್ಡದು ಮನೆಯೊಳಗೆ ಬಂದು ಕೂತ ಮೇಲೆ ಸಣ್ಣವೆಲ್ಲ ಬಾಗಿಲು ತೆರೆದೇ ಇದೆಯಲ್ಲ ಎಂದು ನುಗ್ಗುತ್ತವೆ. ಮಸ್ಕಿಯಲ್ಲಿ ಚೀನಿ ಡಾಕ್ಟರೊಬ್ಬ ಬಂದಿದ್ದಾನೆ, ಬಟ್ಟೆ ಅಂಗಡಿಯ ಮಾಳಿಗೆಯ ಮೇಲೆ ಕೂತು ಹಲ್ಲು ಕೀಳುತ್ತಾನೆ ಎಂದು ಯಾರೋ ಹೇಳಿದರು. ಮೋಟಾರು ಹತ್ತಿ ಹೋದೆ.

ಅವನು ಸಣ್ಣ ಆಳು, ಹೈದರಾಬಾದಿನಲ್ಲಿ ಬಹಳ ಕಾಲ ಇದ್ದವನಂತೆ. ಆಡುತ್ತಿದ್ದದ್ದು ದಖನಿ ಉರ್ದು, ಅದೂ ಅರ್ಧ ಮೂಗಿನಲ್ಲಿ. ಕುರ್ಚಿಯಲ್ಲಿ ಕೂರಿಸಿ, ನನ್ನ ಬಾಯೊಳಗೆ ನೋಡುವುದು ಬಿಟ್ಟು ಎದೆಯನ್ನೇ ನೋಡಿದ. ಎದೆ ಏರಿಳಿಯುವುದನ್ನು ಕಂಡು ಇಕ್ಕಳವನ್ನು ಕೆಳಗಿಟ್ಟ. "ಛಾತೀ ನಕ್ಕೋ. ಪೇಟ್ ಸೇ ದಮ್ ಲೇವ್," ಎಂದ. ಎದೆಯಿಂದ ಬೇಡ, ಹೊಟ್ಟೆಯಿಂದ ಉಸಿರು ತೆಗೆದುಕೋ ಎಂದು ಅರ್ಥ. ನನ್ನ ಹೊಕ್ಕುಳ ಕೆಳಗೆ ಮೂರು ಬೆರಳು ಅಳೆದು, ಇಲ್ಲೊಂದು ಹೊಲ ಇದೆ, ಉಸಿರು ಇಲ್ಲಿಯವರೆಗೆ ಇಳಿಯಬೇಕು ಎಂದ. ನಾನು ಇಲಾಖೆಯ ಮನುಷ್ಯ. ಹೊಲ ಎಂದ ಕೂಡಲೇ ಬಾಯಿಂದ ತಾನಾಗಿಯೇ ಬಂತು: "ಖುಷ್ಕಿಯೋ, ತರಿಯೋ?" ಮಳೆಯ ಭೂಮಿಯೋ ನೀರಾವರಿಯೋ ಎಂದು ಕೇಳಿದ್ದು ಅವನಿಗೆ ತಿಳಿಯಲಿಲ್ಲ. ಅವನ ಅಪ್ಪ ಅವನ ದೇಶದಲ್ಲಿ ಬೇರು-ತೊಗಟೆಯ ವೈದ್ಯನಾಗಿದ್ದನಂತೆ. ಅವರ ಶಾಸ್ತ್ರದ ಪ್ರಕಾರ ಸಿಟ್ಟು ಪಿತ್ತಜನಕಾಂಗದಲ್ಲಿ, ದುಃಖ ಪುಪ್ಪುಸದಲ್ಲಿ, ಅಂಜಿಕೆ ಮೂತ್ರಪಿಂಡದಲ್ಲಿ ಮನೆ ಮಾಡಿಕೊಂಡಿರುತ್ತವೆ. ಉಸಿರನ್ನು ಹೊಟ್ಟೆಯ ತಳಕ್ಕೆ ನಿಧಾನವಾಗಿ ಇಳಿಸಿ, ನಿಧಾನವಾಗಿ ಬಿಟ್ಟರೆ ಮೂರೂ ಜಾಗ ಖಾಲಿ ಮಾಡುತ್ತವೆ. ನಾನು ಹಾಗೆ ಹತ್ತು ಸಲ ಉಸಿರು ಇಳಿಸುವಷ್ಟರಲ್ಲಿ ಹಲ್ಲು ಅವನ ಕೈಯಲ್ಲಿತ್ತು. ನೋವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ, ಆದರೆ ಕೂಗಬೇಕೆನಿಸಲಿಲ್ಲ. ದಿನಾ ಎರಡು ಸಲ ಮಾಡು ಎಂದ. ನೀನೂ ಮಾಡುತ್ತೀಯಾ ಎಂದು ಕೇಳಿದೆ. ಊರಿನಿಂದ ಕಾಗದ ಬಂದು ನಾಲ್ಕು ವರ್ಷವಾಯಿತು, ಮಾಡದೆ ಏನು ಮಾಡಲಿ ಎಂದು ಹೇಳಿ ಕೈ ತೊಳೆದುಕೊಂಡ.

ಇಲ್ಲಿ ಆ ದಮ್ ಎಂಬ ಶಬ್ದದ ಬಗ್ಗೆ ಎರಡು ಮಾತು ಹೇಳಬೇಕು. ನಮ್ಮ ಕಡೆ ಅದು ಎಲ್ಲಕ್ಕೂ ಆಗುತ್ತದೆ. ದಮ್ ತೊಗೋ ಎಂದರೆ ಉಸಿರು ತೊಗೋ, ದಮ್ ಹಿಡಿ ಎಂದರೆ ತಾಳು, ದಮ್ ಐತೇನು ಎಂದರೆ ತಾಕತ್ತಿದೆಯೇ ಎಂದು. ಕೊನೆಗೆ ಒಂದು ಉಕಾರ ಹಚ್ಚಿ ದಮ್ಮು ಎಂದರೆ ಮಾತ್ರ ಅದು ಗೊರಗೊರ ಉಬ್ಬಸದ ರೋಗ. ನಾವು ಹುಟ್ಟಿದಾಗಿನಿಂದ ಈ ವ್ಯತ್ಯಾಸವನ್ನು ಕಿವಿಯಲ್ಲೇ ಇಟ್ಟುಕೊಂಡವರು, ಎಂದೂ ತಪ್ಪುವುದಿಲ್ಲ.

ಮನೆಯಲ್ಲಿ ಮೊದಲ ದಿನವೇ ಪಡಸಾಲೆಯ ಕಂಬಕ್ಕೆ ಒರಗಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತೆ. ಹೆಂಡತಿ ನೀಲಮ್ಮ ಕಾಳು ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟು ನನ್ನ ಹೊಟ್ಟೆ ಉಬ್ಬುವುದನ್ನೂ ಇಳಿಯುವುದನ್ನೂ ನೋಡಿದಳು.

"ಏನ್ರೀ ಇದು? ದಿನ ತುಂಬಿದ ಬಸರಿ ಹಂಗ ಹೊಟ್ಟಿ ಹಿಡ್ಕೊಂಡು ಕುಂತೀರಲ್ಲ, ಸೂಲಗಿತ್ತಿನ ಕರೀಲೇನು?"

"ಸುಮ್ನಿರ. ಅಂಜಿಕಿ ಹೊರಗ ಹಾಕಾಕತ್ತೀನಿ."

"ಹೊರಗ ಹಾಕಿ ಎಲ್ಲಿ ಇಡ್ತೀರಿ? ಮನಿಯಾಗ ಜಾಗಿಲ್ಲ. ಅಂಜಿಕಿ ಹೋಗಬೇಕಂದ್ರ ಪಾಟಿ ತೊಗೊಂಡು ಒತ್ತಕ್ಷರ ತಿದ್ರಿ."

ಅವಳು ಹಾಗೆನ್ನಲು ಅಧಿಕಾರವುಳ್ಳವಳು. ಸಿಂಧನೂರಿನ ಕಡೆಯವಳು, ಅವಳಪ್ಪ ಮಠದಲ್ಲಿ ಮಕ್ಕಳಿಗೆ ಅಕ್ಷರ ಹೇಳಿಕೊಡುತ್ತಿದ್ದರು. ನಮ್ಮ ಮನೆಯಲ್ಲಿ ಕನ್ನಡ ಓದು-ಬರಹ ಬಲ್ಲ ಒಂದೇ ಜೀವ ಅವಳು. ಗಂಡ ಸರ್ಕಾರಿ ಗುಮಾಸ್ತನಾಗಿ ಹೆಂಡತಿಯ ಮುಂದೆ ಪಾಟಿ ಹಿಡಿದು ಕೂರುವುದು ಎಂಥ ಭಾಗ್ಯವೆಂದು ಅನುಭವಿಸಿದವನಿಗೇ ಗೊತ್ತು. ಮೊದಲ ದಿನ ಹೆಸರು ಬರೆಯಿರಿ ಎಂದಳು. ಇಷ್ಟು ವರ್ಷ ಬಲಗಡೆಯಿಂದ ಬರೆದ ಕೈ, ಬಲಗಡೆಯಿಂದಲೇ ಹೊರಟಿತು. ಶರಣಪ್ಪ ಎಂಬ ನಾನು ಪಾಟಿಯ ಮೇಲೆ ಪ್ಪಣರಶ ಎಂದು ಕೂತಿದ್ದೆ. ಅವಳು ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ನಾನೊಬ್ಬನೇ ಈ ಅವಮಾನವನ್ನು ಉಣ್ಣುವುದು ಬೇಡವೆಂದೋ, ಅಥವಾ ಆಗ ನನ್ನಲ್ಲಿ ಇನ್ನೂ ಸ್ವಲ್ಪ ಒಳ್ಳೆಯತನ ಉಳಿದಿತ್ತೆಂದೋ, ಉಸ್ತಾದರನ್ನೂ ಕರೆದುಕೊಂಡು ಬಂದೆ. ಅವರು ಹಿಂದಿನ ಓಣಿಯಿಂದ ಬಂದು ನಮ್ಮ ಪಡಸಾಲೆಯಲ್ಲಿ ಕೂತರು. ನೀಲಮ್ಮ ಅವರನ್ನು ಕಾಕಾ ಎನ್ನುತ್ತಿದ್ದಳು. ಕನ್ನಡ ಮಾತಿನಲ್ಲಿ ಅವರು ನನಗಿಂತ ಗಟ್ಟಿ, ಲಿಪಿ ಮಾತ್ರ ಹೊಸದು. "ಲೇ ಶರಣಪ್ಪಾ," ಎಂದರು ಒಂದು ದಿನ, ಪಾಟಿಯನ್ನು ದೂರ ಹಿಡಿದು, "ನಿಮ್ಮ ಕನ್ನಡದಾಗ ಒಂದೊಂದು ಅಕ್ಷರದ ಕಾಲಾಗೂ ಒಬ್ಬ ಜವಾನ ನಿಂತಾನಲ್ಲೋ. ಮ್ಯಾಲಿನ ಸಾಹೇಬಗಿಂತ ಅವನ ಕಾಟ ಭಾಳ ಐತಿ." ನಾನು ಅವರಿಗೆ ಹೊಟ್ಟೆಯ ಉಸಿರು ಕಲಿಸಿದೆ. ಅದನ್ನೂ ಅವರು ನನಗಿಂತ ಬೇಗ ಹಿಡಿದರು. ಕಣ್ಣು ಮುಚ್ಚಿ, ಎರಡೂ ಕೈ ಹೊಟ್ಟೆಯ ಮೇಲಿಟ್ಟು ಕೂತರೆಂದರೆ ಮುಖದ ಗೆರೆಗಳೆಲ್ಲ ಸಡಿಲಾಗುತ್ತಿದ್ದವು. ಒಮ್ಮೆ ಹಾಗೆ ಕೂತಿದ್ದಾಗ ಮುಚ್ಚಿದ ಕಣ್ಣಿನಿಂದಲೇ ನೀರು ಇಳಿಯಿತು. ನೀಲಮ್ಮ ನೋಡಿ ಎದ್ದು ಒಳಗೆ ಹೋದಳು. ನಾನು ಪಾಟಿಯ ಕಡೆ ನೋಡುತ್ತ ಕೂತೆ. ದುಃಖ ಪುಪ್ಪುಸದಿಂದ ಹೊರಡುವಾಗ ಕಣ್ಣಿನ ದಾರಿ ಹಿಡಿಯುತ್ತದೆ ಎಂದು ಚೀನಿ ಡಾಕ್ಟರು ನನಗೆ ಹೇಳಿರಲಿಲ್ಲ.

ಎರಡು ತಿಂಗಳಾಗುವಷ್ಟರಲ್ಲಿ ಅವರ ಅಕ್ಷರ ನಿಂತು ನೋಡುವ ಹಾಗಾಯಿತು. ಉರ್ದುವಿನಲ್ಲಿ ಕೊರೆದು ಬರೆದ ಕೈ, ಕನ್ನಡದ ದುಂಡನ್ನೂ ಹಾಗೇ ಹಿಡಿಯಿತು. "ಕಾಕಾರ ಅಕ್ಷರ ನೋಡ್ರಿ, ಪೋಣಿಸಿಟ್ಟಂಗ ಅದಾವ. ನಿಮ್ಮವು ಕೋಳಿ ಕೆದರಿದಂಗ," ಎಂದಳು ನೀಲಮ್ಮ. ಅವಳು ನಗುತ್ತ ಹೇಳಿದಳು, ನಾನೂ ನಕ್ಕೆ. ಅಂದು ನನಗೆ ಲೆಕ್ಕ ಸ್ಪಷ್ಟವಾಯಿತು. ಪರೀಕ್ಷೆ ನ್ಯಾಯವಾಗಿ ನಡೆದರೆ ಗುರುಗುಂಟಾದ ಎತ್ತುಗಳ ಹಿಂದೆ ನಡೆಯುವವನು ನಾನು.

ಪರೀಕ್ಷೆಗೆ ರಾಯಚೂರಿನಿಂದ ಬಂದ ಅಧಿಕಾರಿ ಮೂಲತಃ ಮದರಾಸು ಪ್ರಾಂತದವರು, ಮಂಗಳೂರಿನ ಕಡೆಯವರು. ಪುಸ್ತಕ ಓದಿದ ಹಾಗೆ ಕನ್ನಡ ಮಾತಾಡುತ್ತಿದ್ದರು. ನಾವು ಅವರ ಮಾತಿಗೆ ಬೆರಗಾಗುತ್ತಿದ್ದೆವು, ಅವರು ನಮ್ಮ ಮಾತಿಗೆ ಹುಬ್ಬು ಗಂಟಿಕ್ಕುತ್ತಿದ್ದರು. ಕೆಟ್ಟವರಲ್ಲ. ನಿಂತವರನ್ನು ಕೂತುಕೊಳ್ಳಿ ಎನ್ನುವಂಥವರು. ಉಸ್ತಾದರು ಹೊರಗಿನ ಬೆಂಚಿನ ಮೇಲೆ ಕಣ್ಣು ಮುಚ್ಚಿ, ಹೊಟ್ಟೆ ಹಿಡಿದುಕೊಂಡು, ಬಾಯಿ ಸ್ವಲ್ಪ ತೆರೆದು ಉಸಿರು ಎಳೆಯುತ್ತ ಬಿಡುತ್ತ ಕೂತಿದ್ದರು. ನಾನು ಒಳಗೆ ಕಾಗದ ಜೋಡಿಸಿಕೊಡುತ್ತಿದ್ದೆ. ಅಧಿಕಾರಿ ಕಿಟಕಿಯಿಂದ ನೋಡಿದರು.

"ಅವರು ಯಾಕೆ ಹಾಗೆ ಕೂತಿದ್ದಾರೆ ಮಾರಾಯರೆ? ಏನಾಗಿದೆ ಅವರಿಗೆ?"

"ಏನಿಲ್ರಿ ಸಾಹೇಬ್ರ. ದಮ್ ತೊಗೊಳ್ಳಾಕತ್ತಾರ್ರಿ."

"ಓ, ದಮ್ಮೋ? ಎಷ್ಟು ಸಮಯದಿಂದ?"

"ಎರಡು ತಿಂಗ್ಳಾತ್ರಿ. ಮುಂಜಾನಿ ಒಮ್ಮೆ, ಸಂಜಿಗೊಮ್ಮೆ, ತಪ್ಪೂದಿಲ್ರಿ."

"ಛೆ ಛೆ. ಔಷಧ ಮಾಡುವುದಿಲ್ಲವೇ?"

"ಇದಕ್ಕ್ಯಾಕ ಔಷಧಿ ಬೇಕ್ರಿ?"

ಔಷಧ ಎಂಬ ಶಬ್ದ ಬಂದಾಗಲೇ ನನಗೆ ತಿಳಿಯಬೇಕಾಗಿತ್ತು. ಆಗ ತಿಳಿಯಲಿಲ್ಲ ಎಂದು ನನಗೆ ನಾನೇ ಬಹಳ ಸಲ ಹೇಳಿಕೊಂಡಿದ್ದೇನೆ. ಅಧಿಕಾರಿ ತಲೆ ಆಡಿಸಿ, ಉಸ್ತಾದರ ಹೆಸರಿನ ಮುಂದೆ ಏನೋ ಬರೆದರು. ನಾನು ಪಕ್ಕದಲ್ಲೇ ನಿಂತಿದ್ದೆ. ಎರಡು ತಿಂಗಳು ಹೆಂಡತಿಯ ಕೈಯಲ್ಲಿ ಪಳಗಿದ ವಿದ್ಯೆ, ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದೆ. ಶ್ವಾ, ಸ, ರೋ, ಗ. ಅಷ್ಟರಲ್ಲಿ ಅವರು ಹೇಳಿದರು: "ಪಾಪ, ಈ ಪ್ರಾಯದಲ್ಲಿ, ಈ ಕಾಯಿಲೆಯಲ್ಲಿ ಅವರನ್ನು ಪರೀಕ್ಷೆ ಅಂತ ದಣಿಸುವುದು ಬೇಡ. ಮನೆಗೆ ಹೋಗಲಿ. ನೀವೊಬ್ಬರೇ ಬರೆದರೆ ಸಾಕು."

ಹಾಗಲ್ರಿ ಸಾಹೇಬ್ರ. ಎರಡೇ ಶಬ್ದ. ಕನ್ನಡದಲ್ಲೇ ಇದ್ದವು, ಬರೆಯಬೇಕಾಗಿಯೂ ಇರಲಿಲ್ಲ. ಅವು ಗಂಟಲಿಗೆ ಬಂದದ್ದು ನಿಜ. ಆಗ ನನ್ನ ಕೈ ತಾನಾಗಿಯೇ ಹೊಕ್ಕುಳ ಕೆಳಗೆ ಹೋಯಿತು. ನಿಧಾನವಾಗಿ ಉಸಿರು ಎಳೆದೆ. ಎರಡು ತಿಂಗಳಿನಿಂದ ಎಷ್ಟು ತಿಣುಕಿದರೂ ಎದೆಯಲ್ಲೇ ನಿಂತುಬಿಡುತ್ತಿದ್ದ ಉಸಿರು, ಅಂದು ಯಾವ ಅಡ್ಡಿಯೂ ಇಲ್ಲದೆ ತಳದವರೆಗೆ ಇಳಿಯಿತು. ನಿಧಾನವಾಗಿ ಬಿಟ್ಟೆ. ಹತ್ತು ಸಲ ಮಾಡಿದೆ. ಆ ಎರಡು ಶಬ್ದ ಉಸಿರಿನ ಜೊತೆ ಕೆಳಗೆ ಇಳಿದವು, ಮೇಲೆ ಬರಲಿಲ್ಲ. ಅಂಥ ಶಾಂತಿ ನನಗೆ ಅದಕ್ಕೆ ಮೊದಲು ಗೊತ್ತಿರಲಿಲ್ಲ. ಆಮೇಲೆ ಅಧಿಕಾರಿ ಹೇಳಿದ್ದನ್ನು ಬರೆದೆ. ಅರ್ಧ ಹಾಳೆಯಲ್ಲಿ ಒಂಬತ್ತು ತಪ್ಪು. ಜೊತೆಗೆ ಬರೆಯುವವರು ಇನ್ನೊಬ್ಬರಿಲ್ಲದ್ದರಿಂದ ನಾನೇ ಮೊದಲನೆಯವನಾದೆ.

ಉಸ್ತಾದರಿಗೆ ಪರೀಕ್ಷೆ ಬೇಡವಂತೆ ಎಂದು ಜವಾನ ಹೋಗಿ ಹೇಳಿದ. ಅವರು ಅದನ್ನು ತಿಳಿದುಕೊಂಡ ರೀತಿಯೇ ಬೇರೆ. ಸಂಜೆ ನಮ್ಮ ಮನೆಗೆ ಬಂದವರ ಮುಖ ಎಷ್ಟೋ ವರ್ಷಗಳ ಮೇಲೆ ಅರಳಿತ್ತು. "ನೀಲವ್ವಾ, ಸಾಹೇಬ್ರು ಭಾಳ ಛಲೋ ಮನಿಷಾ ಅದಾರವ್ವ. ಇಷ್ಟು ವರ್ಷ ಚಾಕ್ರಿ ಮಾಡಿದವರಿಗೆ ಪರೀಕ್ಷಾ ಯಾಕ ಅಂದ್ರಂತ. ನನಗ ಮಾಫಿ ಆತು. ಶರಣಪ್ಪನ್ನೂ ಎಲ್ಲೋ ಒಂದ್ಕಡಿ ಹಚ್ತಾರ, ಚಿಂತಿ ಮಾಡಬ್ಯಾಡ," ಎಂದರು. ನನ್ನ ಚಿಂತೆ ಅವರಿಗೆ! ನೀಲಮ್ಮ ಸಂತೋಷಕ್ಕೆ ಮರುದಿನ ಗೋಧಿ ಹುಗ್ಗಿ ಮಾಡಿ ಅವರ ಮನೆಗೂ ಕಳಿಸಿದಳು. ನನ್ನ ತಟ್ಟೆಗೂ ಬಂತು. ಹುಗ್ಗಿ ಚೆನ್ನಾಗಿತ್ತು. ಎರಡನೇ ಸಲ ಹಾಕಿಸಿಕೊಂಡೆ. ನಾನು ಎಂಥ ಮನುಷ್ಯ ಎಂದು ನಿಮಗೆ ತಿಳಿಯಲಿ ಎಂದೇ ಇದನ್ನೂ ಹೇಳುತ್ತಿದ್ದೇನೆ.

ಮೂರು ವಾರ ಅವರು ಹಾಗೇ ಸಂತೋಷವಾಗಿದ್ದರು. ಪೇಟೆಯ ನಡುವಿನಿಂದ ಎರಡು ಸಲ ಕಚೇರಿಗೆ ಬಂದರು. ದಿನಾ ಹೇಳಿಬಿಡಬೇಕೆಂದು ಎದ್ದು, ದಿನಾ ಹತ್ತು ಸಲ ಉಸಿರು ಇಳಿಸಿ ನಾನು ಕೂತುಕೊಳ್ಳುತ್ತಿದ್ದೆ. ಆಮೇಲೆ ಕಾಗದ ಬಂತು. ಕನ್ನಡದಲ್ಲಿತ್ತು. ತಮ್ಮ ಹೆಸರಿಗೆ ಬಂದ ಮೊದಲ ಕನ್ನಡ ಕಾಗದವೆಂದು ಉಸ್ತಾದರಿಗೆ ಹಿಗ್ಗು. "ತಡಿ, ನಾನ ಓದ್ತೀನಿ," ಎಂದು ಕನ್ನಡಕ ಏರಿಸಿ, ಬೆರಳಿಟ್ಟುಕೊಂಡು, ಜೋರಾಗಿ ಓದಿದರು. ಒಂದು ಒತ್ತಕ್ಷರವೂ ತಪ್ಪಲಿಲ್ಲ. ನಡುವೆ ನಿಂತರು.

"ಶ್ವಾಸರೋಗದ ಕಾರಣ ಸೇವೆಯಿಂದ ಬಿಡುಗಡೆ ಅಂತ ಐತಿ. ಶ್ವಾಸರೋಗ ಅಂದ್ರ ಏನಲೇ?"

ನಾನು ಮೇಜನ್ನು ನೋಡುತ್ತ, "ದಮ್ಮು," ಎಂದೆ.

"ಯಾರಿಗೆ ದಮ್ಮು?" ಎಂದರು. ಎರಡು ಭಾಷೆಗಳ ನಡುವೆ ಮೂವತ್ತು ವರ್ಷ ಓಡಾಡಿದ ಮನುಷ್ಯ, ಬಿಡಿಸಿ ಹೇಳಬೇಕಾಗಲಿಲ್ಲ. ಬೆಂಚು, ಕಿಟಕಿ, ತಾನು ಕೂತಿದ್ದ ರೀತಿ, ಎಲ್ಲ ಅವರಿಗೆ ಕಂಡಿರಬೇಕು. ಕನ್ನಡಕ ತೆಗೆದು ಮಡಚಿದರು.

"ಸಾಹೇಬ್ರು ಬರಿಯೋವಾಗ ನೀ ಅಲ್ಲೇ ಇದ್ದೆಲ್ಲ?"

"ಇದ್ದೆ, ಉಸ್ತಾದ್."

"ಮತ್ತ?"

ಸುಳ್ಳು ಹೇಳಬಹುದಾಗಿತ್ತು. ಓದಲು ಬರಲಿಲ್ಲ ಎನ್ನಬಹುದಾಗಿತ್ತು, ನಂಬುವಂತಿತ್ತು. ಆದರೆ ಬಾಯಿಗೆ ಬಂದದ್ದು ನಿಜವೇ. "ದಮ್ ತೊಗೊಳ್ಳಾಕತ್ತಿದ್ದೆ," ಎಂದೆ.

ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಇವತ್ತಿಗೆ ಮರೆತಿರುತ್ತಿದ್ದೆ. "ಛಲೋ ಕಲ್ತಿ," ಎಂದರು, ನಾನು ಉರ್ದುವಿನ ಮೊದಲ ಅರ್ಜಿ ಬರೆದು ತೋರಿಸಿದ ದಿನ ಹೇಳಿದ ಹಾಗೆಯೇ. ರಾಯಚೂರಿಗೆ ಹೋಗಿ ಸಾಹೇಬರಿಗೆ ಹೇಳೋಣ ಬರ್ರಿ ಎಂದೆ ನಾನು, ಆಗ. "ಯಾರ ಮುಂದ ಹೋಗಿ ನಿಂದ್ರಲಿ? ನಮ್ಮ ಮನ್ಯಾಗ ಹೊರಗ ಹೋದವರು ತಿರುಗಿ ಬಂದಾರೇನು?" ಎಂದು ಕೇಳಿ ಕಾಗದ ಮಡಚಿ ಜೇಬಿಗೆ ಹಾಕಿಕೊಂಡರು. ನಾನು ಎರಡನೇ ಸಲ ಕರೆಯಲಿಲ್ಲ. ನೀಲಮ್ಮನಿಗೆ, ಸಾಹೇಬರಿಗೆ ನಮ್ಮ ಮಾತು ತಪ್ಪು ಕೇಳಿಸಿತು ಎಂದು ಹೇಳಿದೆ. ಅವಳಿಗೆ ಗೊತ್ತಿರುವ ಅರ್ಧ ಇಷ್ಟೇ. ಮಂಗಳೂರಿನವರನ್ನು ಅವಳು ಇಂದಿಗೂ ಬೈಯುತ್ತಾಳೆ.

ಹುಸೇನ್ ಸಾಬರು ಸಂಸಾರ ಕಟ್ಟಿಕೊಂಡು ಮುದಗಲ್ಲಿಗೆ ಹೋದರು. ಅಲ್ಲಿ ಒಂದು ಅಂಗಡಿಯ ಕಟ್ಟೆಯ ಮೇಲೆ ಕೂತು ಜನರಿಗೆ ಅರ್ಜಿ ಬರೆದುಕೊಡುತ್ತಾರೆ, ಕನ್ನಡದಲ್ಲಿ. ಆ ಅರ್ಜಿಗಳು ನಮ್ಮ ಕಚೇರಿಗೇ ಬರುತ್ತಿದ್ದವು, ನನ್ನ ಮೇಜಿಗೇ ಬರುತ್ತಿದ್ದವು. ಕೆಳಗೆ ಅವರ ಹೆಸರು ಇರುತ್ತಿರಲಿಲ್ಲ. ಅಕ್ಷರ ನೋಡಿದರೆ ಸಾಕಾಗುತ್ತಿತ್ತು. ನಾನು ಬರೆದ ಜವಾಬನ್ನು ರೈತರು ಓದಿಸಲು ಅವರ ಬಳಿಗೇ ಒಯ್ಯುತ್ತಿದ್ದರು. ನನ್ನ ತಪ್ಪುಗಳನ್ನು ಅವರು ಸರಿಮಾಡಿಕೊಂಡೇ ಓದಿ ಹೇಳುತ್ತಿದ್ದರಂತೆ, ಯಾರ ಬರಹ ಎಂದು ಮಾತ್ರ ಎಂದೂ ಅನ್ನಲಿಲ್ಲವಂತೆ.

ಈ ವರ್ಷ ಮೈಸೂರು ರಾಜ್ಯಕ್ಕೆ ನಮ್ಮನ್ನು ಕೂಡಿಸಿದ ಮೇಲೆ ನನಗೆ ಸಿಂಧನೂರಿಗೆ ವರ್ಗವಾಯಿತು. ಲಿಂಗಸುಗೂರಿನವರು ಹಾರ ಹಾಕಿ ಕಳಿಸಿಕೊಟ್ಟರು. ಶರಣಪ್ಪನವರು ಎಂದೂ ಸಿಟ್ಟು ಮಾಡಿದವರಲ್ಲ, ಎಂಥ ಗದ್ದಲದಲ್ಲೂ ಧ್ವನಿ ಏರಿಸಿದವರಲ್ಲ, ಅವರ ಶಾಂತಿ ನಮಗೆಲ್ಲ ಪಾಠ ಎಂದು ಮೂವರು ಎದ್ದು ನಿಂತು ಹೇಳಿದರು. ಅದರ ಗುಟ್ಟು ಏನೆಂದು ಚುಟುಕಾಗಿ ಹೇಳಿಕೊಡಿ ಎಂದು ಹೊಸ ಗುಮಾಸ್ತನೊಬ್ಬ ಕೇಳಿದ. ಎದ್ದು ನಿಂತು ಹೇಳಿಕೊಟ್ಟೆ, ಕೈ ಎಲ್ಲಿಡಬೇಕು, ಎಷ್ಟು ಹೊತ್ತು ಎಳೆಯಬೇಕು, ಎಷ್ಟು ಹೊತ್ತು ಬಿಡಬೇಕು. ದೊಡ್ಡ ಸಾಹೇಬರಿಂದ ಜವಾನನವರೆಗೆ ಎಲ್ಲರೂ ಕಣ್ಣು ಮುಚ್ಚಿ, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಉಸಿರು ಎಳೆದರು. ಅದೇ ಹೊತ್ತಿಗೆ ಕಿಟಕಿಯ ಹೊರಗೆ ಒಬ್ಬ ರೈತ ಅರ್ಜಿ ಹಿಡಿದು, "ಸಾಹೇಬ್ರ, ನನ್ನದೊಂದು ಅನ್ಯಾಯ ಆಗೇತ್ರಿ," ಎಂದು ಕೂಗುತ್ತಿದ್ದ. ಒಬ್ಬರೂ ಕಣ್ಣು ತೆರೆಯಲಿಲ್ಲ. ನಾನು ಇಷ್ಟು ಚೆನ್ನಾಗಿ ಕಲಿಸಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ.